ನಾಲ್ಬಾಯಮ್ಮನಿಗೆ ನಾಲ್ಕು ಬಿರಡೆ

ಹೊಳೆಬೀದಿ, ಹರಿಹರ
ಮಹಾಲಯ ಅಮಾವಾಸ್ಯೆ, ಇಸವಿ ೨೧೪೧

ನನ್ನ ಯಜಮಾನರ ಮುತ್ತಜ್ಜ ಮೌನೇಶಾಚಾರ್ ಅವರಿಗೆ ಕಾಳಮ್ಮ ಮಾಡುವ ನಮಸ್ಕಾರಗಳು.

ಮೇಲಿನ ಇಸವಿ ನೋಡಿ, ಯಾರೋ ತಮಾಷೆಗೆ ಬರೆದಿದ್ದಾರೆ ಎಂದುಕೊಂಡು ಈ ಕಾಗದದಲ್ಲಿ ಕೈಯ ಗ್ರೀಸು ಒರೆಸಿಬಿಡಬೇಡಿ. ನೀವು ಹಾಗೆ ಮಾಡುವ ಪೈಕಿಯೇ ಎಂದು ಮನೆಯಲ್ಲಿ ಕೇಳಿದ್ದೇನೆ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ತನಕ. ಐದನೆಯದಕ್ಕೆ ಹೋಗುವಷ್ಟರಲ್ಲಿ ಹೊಳೆ ಬಂದು ಶಾಲೆಯೇ ಹೋಯಿತು. ಹಾಗಾಗಿ ನನ್ನ ಅಕ್ಷರ ಸೊಟ್ಟ, ಮಾತು ನೇರ. ನಿಮ್ಮ ಕಾಲದಲ್ಲಿಲ್ಲದ ಕೆಲವು ಶಬ್ದಗಳು ನಡುವೆ ಬರುತ್ತವೆ. ಬಂದಲ್ಲೇ ಅರ್ಥ ಹೇಳುತ್ತೇನೆ, ಹೊಟ್ಟೆಗೆ ಹಾಕಿಕೊಳ್ಳಿ. ಇನ್ನೊಂದು ಸಂಕಟ ಏನೆಂದರೆ, ಈ ಕಾಗದ ನಿಮ್ಮ ಕೈ ಸೇರುವಾಗ ನಿಮಗೆ ನಲವತ್ತೆರಡು, ನನಗೆ ಎಂಬತ್ತು. ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು, ವರಸೆಯಲ್ಲಿ ಮುತ್ತಜ್ಜ. ಆದ್ದರಿಂದ ಒಂದು ಸಾಲಿನಲ್ಲಿ ಕಾಲಿಗೆ ಬಿದ್ದು, ಮುಂದಿನ ಸಾಲಿನಲ್ಲಿ ಬೈದರೆ ತಪ್ಪು ತಿಳಿಯಬೇಡಿ.

ಇದು ಹಿಂದಂಚೆಯಲ್ಲಿ ಬರುತ್ತಿರುವ ಕಾಗದ. ಹಿಂದಂಚೆ ಎಂದರೆ ಆಗಿಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಎಂಬತ್ತು ತುಂಬಿದವರಿಗೆ ಒಂದೇ ಸಲ, ಅದೂ ಹಿರಿಯರಿಗೆ ಎಡೆ ಇಡುವ ಈ ಅಮಾವಾಸ್ಯೆಯ ದಿನ ಮಾತ್ರ, ಹಾಳೆ ಕೊಡುತ್ತಾರೆ. ಯಾರು ಗೆಲ್ಲುತ್ತಾರೆ, ಯಾರು ಯಾವಾಗ ಹೋಗುತ್ತಾರೆ ಎಂದೆಲ್ಲ ಬರೆದರೆ ಈ ಹಾಳೆಗೆ ಶಾಯಿ ಹಿಡಿಯುವುದಿಲ್ಲ. ಮನೆ ಮಾತು, ಅಡುಗೆ, ರಿಪೇರಿ, ಇಂಥದ್ದಕ್ಕೆ ಅಡ್ಡಿಯಿಲ್ಲ. ಹಾಕಿದ ಕಾಗದ ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಎಡೆಯನ್ನಾದರೆ ಕಾಗೆ ಮುಟ್ಟಿದ್ದು ಕಣ್ಣಿಗೆ ಕಾಣುತ್ತದೆ, ಇದಕ್ಕೆ ಅದೂ ಇಲ್ಲ. ಪಕ್ಕದ ಮನೆಯವರು ತಮ್ಮ ಮುತ್ತಜ್ಜಿಗೆ ಉಪ್ಪಿನಕಾಯಿಯ ಅಳತೆ ಕೇಳಿ ಬರೆದರು. ನಾನು ನಿಮ್ಮ ಮೊಸರಿನ ಬಣ್ಣದ ಕಾರಿನ ವಿಷಯ ಬರೆಯುತ್ತಿದ್ದೇನೆ.

ಆ ಕಾರು ಇದೆ, ಅಜ್ಜ. ಮೊದಲು ಅದನ್ನು ಹೇಳಿಬಿಡುತ್ತೇನೆ, ಸಮಾಧಾನವಾಗಲಿ. ಯಾವುದೋ ಕಾರ್ಖಾನೆಯ ದೊಡ್ಡ ಎಂಜಿನಿಯರು ಹಡಗಿನಲ್ಲಿ ತರಿಸಿದ್ದು, ಕೊನೆಗೆ ನಿಮ್ಮ ಶೆಡ್ಡಿಗೆ ಬಂದದ್ದು, ಅದೇ ಕಾರು. ಬಲಗಡೆಯ ಬಾಗಿಲು ಈಗಲೂ ಎತ್ತಿ ಹಾಕಿದರೇ ಮುಚ್ಚುವುದು.

ಈ ಹೊತ್ತಿಗೆ ನೀವು ಅದರ ಇಂಜೆಕ್ಷನ್ ಪಂಪು ಬಿಚ್ಚಿ ಹತ್ತು ದಿನವಾಗಿರಬೇಕು. ನಿಮ್ಮ ೨೦೨೭ರ ಕ್ಯಾಲೆಂಡರಿನ ಒಂದು ಹಾಳೆ ನಮ್ಮಲ್ಲಿ ಉಳಿದಿದೆ, ಅದರಿಂದ ಲೆಕ್ಕ ಹಾಕಿದೆ. ನಂಬಿಕೆ ಬರಲೆಂದು, ಅವತ್ತು ಶೆಡ್ಡಿನಲ್ಲಿ ಏನು ನಡೆಯಿತು ಎಂದು ನಮ್ಮ ಮನೆಯಲ್ಲಿ ನಾಲ್ಕು ತಲೆಮಾರು ಹೇಳಿಕೊಂಡು ಬಂದದ್ದನ್ನೇ ಬರೆಯುತ್ತೇನೆ. ಲೇತಿನ ಖಾದರ್‌ಸಾಬರು ಟೀ ಕುಡಿಯುತ್ತ ನಿಂತಿದ್ದರು. "ಎರಡು ಕಾರ್ಬೊರೇಟರ್ ಕೂರ್ಸಿ ಕೈ ತೊಳ್ಕಳಪಾ, ಆ ಪಂಪಿನ ಹೊಟ್ಟಿಯೊಳಗ ಏನೈತಿ ಅಂತ ಅದನ್ನ ಮಾಡ್ದೋನಿಗೇ ಗೊತ್ತಿಲ್ಲ" ಅಂದರು. ನಿಮ್ಮ ಮನೆಯವರು ವಿಶಾಲಾಕ್ಷಮ್ಮನವರು ಬಾಗಿಲಲ್ಲೇ ನಿಂತು, "ಕಂಪನಿಯೋರು ಸುಮ್‌ಸುಮ್ನೆ ಇಟ್ಟಿರ್ತಾರೇನ್ರಿ ಅದನ್ನ? ಬಿಚ್ಚಬ್ಯಾಡ್ರಿ" ಅಂದರು. ಅದಕ್ಕೆ ನೀವು, "ಓಡದಿರೋ ಒರಿಜಿನಲ್ ಇಟ್ಕಂಡು ಅದಕ್ಕೇನು ಆರತಿ ಎತ್ತಾನೇನು?" ಅಂದಿರಿ.

ಅಜ್ಜ, ಆರತಿ ಎತ್ತಿದೆವು. ಹತ್ತಿರ ಹತ್ತಿರ ನೂರು ವರ್ಷ ಎತ್ತಿದೆವು. ಅದನ್ನು ಹೇಳಲೆಂದೇ ಈ ಕಾಗದ.

ನಮ್ಮ ಕಾಲದ ವಿಷಯ ಸ್ವಲ್ಪ ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಬೀದಿಯಲ್ಲಿ ಈಗ ಎಂಜಿನ್ನಿನ ಸದ್ದೇ ಇಲ್ಲ. ತಾನೋಡಿಗಳಿವೆ. ತಾನೋಡಿ ಎಂದರೆ ಚಾಲಕನಿಲ್ಲದೆ ತಾನೇ ಓಡುವ ಡಬ್ಬಿ. ಹತ್ತಿ ಕೂತು ಊರ ಹೆಸರು ಹೇಳಿದರೆ ಇಳಿಸುತ್ತದೆ, ಒಂದು ಮಾತಾಡುವುದಿಲ್ಲ. ಮನೆಗಳ ಸೂರಿನಿಂದ ಸೂರಿಗೆ ನೆರಳುಬಟ್ಟೆ ಕಟ್ಟಿರುತ್ತಾರೆ. ಅದು ಬಿಸಿಲನ್ನೂ ತಡೆಯುತ್ತದೆ, ಆ ಬಿಸಿಲಿನಿಂದಲೇ ಮನೆಗೆ ದೀಪವನ್ನೂ ಕೊಡುತ್ತದೆ. ಅದರ ಕೆಳಗೆ ನಾವು ಮುದುಕಿಯರು ಕೂತು ಅವರಿವರ ಸೊಸೆಯರ ವಿಷಯ ಮಾತಾಡುತ್ತೇವೆ. ಹೊಳೆದಂಡೆಯಲ್ಲಿ ಸಾಲು ಸಾಲು ಪಾಚಿಕೆರೆಗಳು, ಆ ಪಾಚಿ ಹಿಂಡಿ ತೆಗೆದ ಎಣ್ಣೆಯೇ ನಮ್ಮ ಪೆಟ್ರೋಲು. ವಾಸನೆ ಹಳಸಿದ ಹುಳಿಯದು. ಜೋಳದ ರೊಟ್ಟಿ ಇದೆ. ಸಂಜೆಗೆ ಮಂಡಕ್ಕಿ, ಮಿರ್ಚಿ ಇದೆ. ಇವೆರಡಕ್ಕೂ ಬದಲಿ ಕಂಡುಹಿಡಿಯುವ ಬುದ್ಧಿವಂತ ಇನ್ನೂ ಹುಟ್ಟಿಲ್ಲ, ಹುಟ್ಟಿದರೆ ನಮ್ಮ ಬೀದಿಗೆ ಬಾರದಿರಲಿ.

ವರ್ಷಕ್ಕೆ ಒಂದು ದಿನ ಮಾತ್ರ ಹಳೆಯ ಎಂಜಿನ್ನುಗಳನ್ನು ಓಡಿಸಬಹುದು. ಅದು ಆಯುಧಪೂಜೆಯ ದಿನ, ಸೂರ್ಯ ಹುಟ್ಟಿದಾಗಿನಿಂದ ನಡುಮಧ್ಯಾಹ್ನದ ತನಕ. ಅದಕ್ಕೆ ಹೊಗೆದಿನ ಎಂದು ಹೆಸರು. ಇಡೀ ಹರಿಹರಕ್ಕೆ ಹನ್ನೊಂದು ಗಾಡಿ ಉಳಿದಿವೆ, ಹೊಳೆಬೀದಿಗೆ ನಿಮ್ಮದೊಂದೇ. ಅವತ್ತು ಬೀದಿಯವರೆಲ್ಲ ಚಾಪೆ ಹಾಸಿ ಕೂರುತ್ತಾರೆ. ಹುಟ್ಟಿದಾಗಿನಿಂದ ತಾನೋಡಿ ಬಿಟ್ಟು ಬೇರೆ ನೋಡದ ಮಕ್ಕಳು ಕಿವಿ ಮುಚ್ಚಿಕೊಂಡು ನಗುತ್ತವೆ. ನಾನು ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದ ವರ್ಷ ನನ್ನ ಯಜಮಾನರು ಸ್ಕ್ರೂಡ್ರೈವರಿನ ಒಂದು ತುದಿಯನ್ನು ಕಾರ್ಬೊರೇಟರಿಗೆ ಒತ್ತಿ, ಹಿಡಿಯನ್ನು ನನ್ನ ಕಿವಿಗೆ ಹಚ್ಚಿ, "ಕೇಳು, ಎರಡೂ ಒಂದೇ ಸಮ ಉಸಿರಾಡ್ತಾವಾ ಹೇಳು" ಅಂದರು. ಎಡಗಡೆಯದಕ್ಕೆ ದಮ್ಮು ಅಂದೆ. ಅವರು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರು, ದಮ್ಮು ನಿಂತಿತು. ಅವತ್ತಿನಿಂದ ಆ ಕೆಲಸ ನನ್ನದೇ. ಅವರು ಹೋಗಿ ಹದಿನಾಲ್ಕು ವರ್ಷ. ವರ್ಷಕ್ಕೆ ಒಂದು ಬೆಳಿಗ್ಗೆ ಆ ಎಂಜಿನ್ನು ಹತ್ತಿಕೊಂಡಾಗ ಅವರು ಶೆಡ್ಡಿನಲ್ಲೇ ಎಲ್ಲೋ ಕೆಮ್ಮುತ್ತ ಇದ್ದಾರೆ ಅನಿಸುತ್ತದೆ. ಅದಕ್ಕಿಂತ ಹೆಚ್ಚು ಬರೆದರೆ ನನಗೇ ನಾಚಿಕೆ.

ಈಗ ನಾಲ್ಬಾಯಮ್ಮನ ಮಾತು. ನಮ್ಮ ಶೆಡ್ಡಿನ ಗೂಡಿನಲ್ಲಿ, ಕಾಳಿಕಾದೇವಿಯ ಪಟದ ಕೆಳಗೆ, ಒಬ್ಬ ಅಮ್ಮನಿದ್ದಾಳೆ. ಗಟ್ಟಿ ಲೋಹದ ಮೈ, ತಲೆಯ ಮೇಲೆ ಸಾಲಾಗಿ ನಾಲ್ಕು ಬಾಯಿ. ನನ್ನ ಅತ್ತೆಗೆ ಅವರ ಅತ್ತೆ ಹೇಳಿಕೊಟ್ಟ ಹಾಗೆ ನನಗೂ ಅತ್ತೆ ಹೇಳಿಕೊಟ್ಟರು: ಶುಕ್ರವಾರ ಅರಿಶಿನದ ನೀರು, ಅಮಾವಾಸ್ಯೆಗೆ ಹಾಲು, ಆಯುಧಪೂಜೆಗೆ ಎರಡೂ. ಮೊದಲು ಎಡಗಡೆಯ ಹಿರೀ ಬಾಯಿಗೆ, ಆಮೇಲೆ ಉಳಿದ ಮೂರಕ್ಕೆ. "ಹಿರೀಬಾಯಿಗೆ ಒಂದು ಹನಿ ಹೆಚ್ಚಿಗೇ ಹಾಕವ್ವಾ, ಕಡಿಮಿ ಆದ್ರೆ ಮುನಿಸ್ಕಂತಾಳೆ" ಅನ್ನುತ್ತಿದ್ದರು. ಅರವತ್ತೊಂದು ವರ್ಷ ನಾನು ಒಂದು ಶುಕ್ರವಾರ ತಪ್ಪಿಸಿಲ್ಲ. ಬಾಣಂತನದಲ್ಲೂ ಬೇರೆಯವರ ಕೈಯಲ್ಲಿ ಹಾಕಿಸಿದ್ದೇನೆ.

ಈ ಚೈತ್ರದಲ್ಲಿ ಹಳೇಬಂಡಿ ಮಂಡಳಿಯಿಂದ ಹಾಲೇಶಪ್ಪ ಎಂಬ ಹುಟ್ಟುನೋಡುಗ ಬಂದ. ಗಾಡಿ ಹುಟ್ಟಿದಾಗ ಹೇಗಿತ್ತೋ ಈಗಲೂ ಹಾಗೇ ಇದೆಯೇ ಎಂದು ತಪಾಸಣೆ ಮಾಡುವವನಿಗೆ ಆ ಹೆಸರು. ಕಾರಿನ ಮುಚ್ಚಳ ಎತ್ತಿ, ತನ್ನ ದಪ್ಪ ಪುಸ್ತಕ ತೆರೆದು, "ಅಜ್ಜಿ, ಈ ಗಾಡಿ ಹುಟ್ಟಿದಾಗ ಇದಕ್ಕೆ ಕಾರ್ಬೊರೇಟರ್ ಇರ್ಲಿಲ್ಲ. ಇಂಜೆಕ್ಷನ್ ಪಂಪ್ ಇತ್ತು. ಅದೆಲ್ಲೈತಿ?" ಅಂದ.

"ನಂಗೇನು ಗೊತ್ತಪಾ, ಅದು ಹುಟ್ಟಿದಾಗ ನಾನೇನು ಬಾಣಂತನ ಮಾಡೀನೇನು?" ಅಂದೆ. ನೀವು ಪಂಪು ಬಿಚ್ಚಿದ ಕಥೆ ಗೊತ್ತಿತ್ತು, ಆಮೇಲೆ ಅದು ಎಲ್ಲಿ ಹೋಯಿತೆಂದು ಮಾತ್ರ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಪಾಪ, ಕೆಟ್ಟವನಲ್ಲ. ಹೊಸ ಕಾನೂನು ವಿವರಿಸಿದ. ಹುಟ್ಟಿದ ರೂಪದಲ್ಲಿ ಇಲ್ಲದ ಗಾಡಿಗೆ ಇನ್ನು ಹೊಗೆದಿನ ಇಲ್ಲ. ಈ ಆಯುಧಪೂಜೆಗೆ ತನ್ನ ಸ್ವಂತ ಪಂಪಿನಿಂದ ಹೊಳೆಬೀದಿಯಿಂದ ಸೇತುವೆ ಮುಟ್ಟಿ ವಾಪಸು ಬಂದರೆ ಸರಿ. ಇಲ್ಲದಿದ್ದರೆ ಬಾಯಿಮುದ್ರೆ. ಅಂದರೆ ಎಂಜಿನ್ನಿನ ಹೊಟ್ಟೆಗೆ ಗಾಜಿನಂಥ ಅಂಟು ಸುರಿದು, ದಾವಣಗೆರೆಯ ಗಾಜಿನ ಮನೆಯಲ್ಲಿ ನಿಲ್ಲಿಸಿಬಿಡುತ್ತಾರೆ. ಹೋಗಿ ನೋಡಬಹುದು, ಕೇಳುವ ಹಾಗಿಲ್ಲ. ಆಮೇಲೆ ಯಾವ ಆಚಾರಿ ಬಂದರೂ ಅದನ್ನು ಬಿಡಿಸಲಾರ.

ಮನೆಗೆ ಬಂದವನಿಗೆ ಮಂಡಕ್ಕಿ ಕೊಡದೆ ಕಳಿಸುವುದುಂಟೇ? ಕೂರಿಸಿ ಕೊಟ್ಟೆ. ತಿನ್ನುತ್ತ ತಿನ್ನುತ್ತ ಗೂಡಿನ ಕಡೆ ನೋಡಿದವನು ಹಾಗೇ ಬಾಯಿ ತೆರೆದು ಕೂತ. "ಅಜ್ಜಿ, ಆ ಅಮ್ಮನೋರನ್ನ ಸ್ವಲ್ಪ ಮುಟ್ಟಬೌದಾ?"

"ಸ್ನಾನ ಮಾಡ್ಕಂಡು ಬಂದೀಯೇನು?"

"ಬಂದೀನಿ."

"ಕೈಯಾಗ ಮಿರ್ಚಿ ಐತಲ್ಲೋ, ತೊಳ್ಕಂಡು ಬಾ."

ತೊಳೆದುಕೊಂಡು ಬಂದ. ಅಮ್ಮನ ಸೀರೆಯ ತುಂಡು ಸರಿಸಿ, ಬೆರಳುಗಾತ್ರ ಕಟ್ಟಿದ್ದ ಕುಂಕುಮವನ್ನು ಉಗುರಿನಿಂದ ಮೆಲ್ಲಗೆ ಕೆರೆದ. ಒಳಗೆ ಅಂಕಿಗಳಿದ್ದವು. ಪುಸ್ತಕದ ಅಂಕಿಗೆ ಒಂದೊಂದಾಗಿ ತಾಳೆ ನೋಡಿದ. ಆಮೇಲೆ ನನ್ನ ಮುಖ ನೋಡದೆ, "ಅಜ್ಜಿ, ನೀವು ಪೂಜೆ ಮಾಡ್ತಿರೋದು ಪಂಪಿಗೆ" ಅಂದ.

ನನ್ನ ಮೊಮ್ಮಗಳು ಬನಶ್ರೀ ಅಲ್ಲೇ ಇದ್ದಳು. ಅವಳು ನೀರಿನಿಂದ ಕಬ್ಬಿಣ ಕೊಯ್ಯುವ ಲೇತು ನಡೆಸುತ್ತಾಳೆ, ಕೈ ನಿಮ್ಮದೇ, ನಾಲಿಗೆ ನನ್ನದು. ಅವಳು ನಗು ತಡೆಯಲಾಗದೆ ಶೆಡ್ಡಿನ ಹೊರಗೆ ಓಡಿದಳು. ನಾನು ಸುಮ್ಮನೆ ಬಿಡುವವಳಲ್ಲ, "ಪಂಪಾದ್ರೇನು, ಇಷ್ಟು ದಿನ ನಮ್ಮನ್ನ ಕಾಪಾಡಿಲ್ಲೇನು?" ಅಂದೆ. ಆದರೆ ಅವನು ಹೋದ ಮೇಲೆ ಹಳೆಯ ಪೆಟ್ಟಿಗೆ ಇಳಿಸಿದೆ. ಅದರಲ್ಲಿ ಯಾರೂ ಓದದೆ ಮಡಿಸಿಟ್ಟಿದ್ದ ನಿಮ್ಮ ಕ್ಯಾಲೆಂಡರಿನ ಹಾಳೆ ತೆಗೆದು ಓದಿದೆ. ನೀವು ಬರೆದದ್ದು ಇಷ್ಟೇ: "ಪಂಪು ಬಿಚ್ಚಿ ಗೂಡಿನಲ್ಲಿ ಇಟ್ಟಿದೆ. ಬಿಸಾಡಬಾರದು." ಏನು ಪಂಪು, ಯಾವ ಗಾಡಿಯದು, ಯಾಕೆ ಬಿಸಾಡಬಾರದು, ಒಂದಕ್ಷರ ಇಲ್ಲ! ನಿಮ್ಮ ಮಗ ಬಿಸಾಡಲಿಲ್ಲ. ನಿಮ್ಮ ಸೊಸೆ ಧೂಳು ಒರೆಸಿದರು. ಒರೆಸುತ್ತ ಒರೆಸುತ್ತ, ಗೂಡಿನಲ್ಲಿ ಇರುವುದಕ್ಕೆ ಒಂದು ಹೂವು ಇಟ್ಟರು. ಹೂವು ಇಟ್ಟ ಮೇಲೆ ನೀರು, ನೀರಾದ ಮೇಲೆ ಹಾಲು, ಆಮೇಲೆ ಹೆಸರು. ವರ್ಷಕ್ಕೊಮ್ಮೆ ಸುತ್ತಿಗೆ, ಉಳಿ, ಅಡಿಗಲ್ಲಿಗೆ ಪೂಜೆ ಮಾಡುವ ಮನೆಯಲ್ಲಿ, ದೇವಿಯ ಪಟದ ಕೆಳಗೆ ಒಂದು ಸಾಮಾನು ಇಟ್ಟು "ಬಿಸಾಡಬಾರದು" ಎಂದರೆ ಇನ್ನೇನಾಗುತ್ತದೆ? ಆಚಾರಿಗಳಾಗಿ ನಿಮಗೆ ಇಷ್ಟು ತಿಳಿಯಬಾರದೇ?

ಬನಶ್ರೀ ಬಿಚ್ಚಿದಳು. ಬಿಚ್ಚುವ ಮುಂಚೆ ನಾನು ಕೈ ಮುಗಿದೆ, ಅವಳೂ ಮುಗಿದಳು, ಆಗ ನಗಲಿಲ್ಲ. ಒಳಗೆ ನಾಲ್ಕು ಸಣ್ಣ ಕಂಬಿಗಳು, ಒಂದೊಂದು ಬಾಯಿಗೆ ಒಂದೊಂದು. ಕಂಬಿಗೂ ಅದರ ಗೂಡಿಗೂ ನಡುವೆ ಕೂದಲೆಳೆಯನ್ನು ಉದ್ದಕ್ಕೆ ಹಲವು ಸೀಳು ಮಾಡಿದರೆ ಒಂದು ಸೀಳು ಹೋಗುವಷ್ಟೇ ಸಂದು. ಅಂಥ ಸಂದಿಗೆ ನಾವು ಅರಿಶಿನದ ನೀರು ಸುರಿದಿದ್ದೆವು. ಹಾಲು ಕಲ್ಲಾಗಿತ್ತು. ತುಕ್ಕು, ಅರಿಶಿನ ಸೇರಿ ಮೆಂತ್ಯದ ಹಿಟ್ಟಿನ ಹಾಗೆ ಉದುರಿತು. ಐದು ತಿಂಗಳು ಎಣ್ಣೆಯಲ್ಲಿ ನೆನೆಸಿ, ದಿನವೂ ಕೈಯಲ್ಲಿ ಉಜ್ಜಿ ಉಜ್ಜಿ, ಮೂರು ಕಂಬಿ ಬಿಡಿಸಿದ್ದಾಳೆ. ಈಗ ಜಾರುತ್ತವೆ. ಹಿರೀ ಬಾಯಿಯದು ಮಾತ್ರ ಮೈತುಂಬ ತೂತು ಬಿದ್ದು ಹಿಡಿದುಕೊಂಡಿದೆ. ಒಂದು ಹನಿ ಹೆಚ್ಚಿಗೆ ಬೀಳುತ್ತಿದ್ದದ್ದು ಆ ಬಾಯಿಗೇ. ಹೊಸದು ಮಾಡಿ ಹಾಕೋಣವೆಂದರೆ, ಬೇಕಾದ ಬಿಡಿಭಾಗ ಅಚ್ಚು ತೆಗೆದುಕೊಡುವ ನಮ್ಮ ಅಚ್ಚುಯಂತ್ರಗಳಿಗೆ ಆ ನುಣುಪು ಬರುವುದಿಲ್ಲ. ಅದನ್ನು ಕೈಯಲ್ಲಿ ತೀಡಬಲ್ಲವರು ಖಾದರ್‌ಸಾಬರ ಕಾಲಕ್ಕೇ ಮುಗಿದರು.

ಮೊದಲ ವಾರ ನಿಮ್ಮ ಮೇಲೆ ಬಹಳ ಸಿಟ್ಟು ಬಂತು. ಇದ್ದದ್ದನ್ನು ಇದ್ದ ಹಾಗೆ ಬಿಡದೆ ಯಾಕೆ ಬಿಚ್ಚಿದಿರಿ ಎಂದು ರೊಟ್ಟಿ ತಟ್ಟುವಾಗಲೆಲ್ಲ ಬೈದೆ. ಈಗ ಆ ಸಿಟ್ಟಿಲ್ಲ. ನೀವು ಬಿಚ್ಚದಿದ್ದರೆ ಆ ಕಾರು ನಿಮ್ಮ ಕಾಲದಲ್ಲೇ ಗುಜರಿ ಸೇರುತ್ತಿತ್ತು. ಎಂಜಿನ್ನಿಗೆ ಪೆಟ್ರೋಲು ಉಣಿಸುವುದರಲ್ಲಿ ಪಂಪು ಎಂದರೆ ತಾಯಿ ಒಂದೊಂದು ಮಗುವಿನ ಬಾಯಿಗೂ ಅಳೆದು ಚಮಚದಲ್ಲಿ ಹಾಕಿದ ಹಾಗೆ. ಕಾರ್ಬೊರೇಟರ್ ಎಂದರೆ ಪಂಕ್ತಿಯಲ್ಲಿ ಸೌಟಿನಿಂದ ಬಡಿಸಿಕೊಂಡು ಹೋದ ಹಾಗೆ, ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ, ನೆಲಕ್ಕೂ ಸ್ವಲ್ಪ. ಪಂಪು ಮೇಲೇ, ನಾನು ಒಪ್ಪುತ್ತೇನೆ. ಆದರೆ ಅದು ಓದಿದವರ ಯಂತ್ರ. ಕಾರ್ಬೊರೇಟರ್ ನಾಲ್ಕನೇ ಕ್ಲಾಸಿನವರ ಯಂತ್ರ, ಒಂದು ಸ್ಕ್ರೂಡ್ರೈವರು, ಒಂದು ಕಿವಿ ಇದ್ದರೆ ಸಾಕು. ಅದರಿಂದಲೇ ನಾಲ್ಕು ತಲೆಮಾರಿನ ಕೈಗೆ ಆ ಕಾರು ಸಿಕ್ಕಿತು, ನನ್ನ ಕಿವಿಗೂ ಸಿಕ್ಕಿತು. ಮಂಡಳಿಯಲ್ಲಿ ಕೂತ ದೊಡ್ಡ ಮನುಷ್ಯರಿಗೆ ಇದು ಅರ್ಥವಾಗುವುದಿಲ್ಲ. ಸತ್ತರೂ ಚಿಂತೆಯಿಲ್ಲ, ಹುಟ್ಟಿದ ರೂಪದಲ್ಲಿ ಸಾಯಲಿ ಎನ್ನುತ್ತಾರೆ. ಇನ್ನು ಕೆಲವರಿದ್ದಾರೆ, ಓಡಿದರೆ ಸಾಕೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಕೊಯ್ದು ಎಸೆದು, ಆಮೇಲೆ ಅಳುತ್ತಾರೆ. ನೀವು ಎರಡೂ ಅಲ್ಲ. ಬಿಚ್ಚಿದಿರಿ, ಎಸೆಯಲಿಲ್ಲ. ಅಷ್ಟಕ್ಕೆ ನಿಮ್ಮ ಕಾಲಿಗೆ ಇನ್ನೊಂದು ಸಲ ಬಿದ್ದೆ.

ಆದ್ದರಿಂದ ಪಂಪನ್ನು ವಾಪಸು ಕೂರಿಸಿ ಎಂದು ನಾನು ಕೇಳುವುದಿಲ್ಲ. ಕಾರ್ಬೊರೇಟರ್ ಹಾಕಿ, ಓಡಿಸಿ, ವಿಶಾಲಾಕ್ಷಮ್ಮನವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಹಾಕುವಾಗ ಗಾಡಿಯ ಮೈಗೆ ಹೊಸ ತೂತು ಕೊರೆಯಬೇಡಿ, ಇರುವ ತೂತಿನಲ್ಲೇ ಹೇಗೋ ಹೊಂದಿಸಿ. ನನಗೆ ಬೇಕಾದದ್ದು ಸಣ್ಣದು. ಔಷಧಿ ಬಾಟಲಿಗೆ ಹಾಕುವ ರಬ್ಬರಿನ ಬಿರಡೆ ನಿಮ್ಮ ಕಾಲದಲ್ಲಿ ಸಿಗುತ್ತವಂತೆ, ಅಂಥ ನಾಲ್ಕು ತಂದು ಆ ನಾಲ್ಕು ಬಾಯಿಗೂ ಗಟ್ಟಿಯಾಗಿ ಒತ್ತಿ. ಅದಕ್ಕೂ ಮುಂಚೆ ಒಳಗೆ ಹೊಲಿಗೆ ಯಂತ್ರದ ಎಣ್ಣೆ ತುಂಬಿ, ಕೈಯಿಂದ ಹತ್ತಾರು ಸುತ್ತು ತಿರುಗಿಸಿ. ಎಣ್ಣೆಬಟ್ಟೆಯಲ್ಲಿ ಸುತ್ತಿ ಅದೇ ಗೂಡಿನಲ್ಲಿ ಇಡಿ.

ಜೊತೆಗೆ ಒಂದು ತಗಡಿನ ಮೇಲೆ ಬಣ್ಣದಲ್ಲಿ ಬರೆದಿಡಿ. ಏನು ಬರೆಯಬೇಕು ಎಂದು ಬನಶ್ರೀಗೂ ನನಗೂ ಎರಡು ದಿನ ಜಗಳವಾಯಿತು. ಅವಳು, "ಇದು ದೇವರಲ್ಲ, ಪಂಪು, ನೀರು ಹಾಕಬೇಡಿ ಅಂತ ಬರೀಲಿ" ಅಂದಳು. ನಾನು, "ನಮ್ಮತ್ತಿನ್ನ ನೀನು ನೋಡಿಲ್ಲ ಸುಮ್ನಿರು" ಅಂದೆ. ದೇವರಲ್ಲ ಎಂದು ಬರೆದರೆ ನಮ್ಮ ಮನೆಯ ಸೊಸೆಯರು ಕೇಳುವವರಲ್ಲ, ಅಪಚಾರವಾಯಿತೆಂದು ಇನ್ನೆರಡು ಚೊಂಬು ಹೆಚ್ಚು ಸುರಿಯುತ್ತಾರೆ. ನೀವು ದೇವರೆಂದೇ ಬರೆಯಿರಿ, ಅಜ್ಜ. ಆದರೆ ಎಣ್ಣೆಯ ದೇವರೆಂದು ಬರೆಯಿರಿ. ಈ ಅಮ್ಮನಿಗೆ ನೀರು ಮೈಲಿಗೆ, ಹಾಲು ಮೈಲಿಗೆ, ಕುಂಕುಮವನ್ನು ಪೆಟ್ಟಿಗೆಯ ಹೊರಗೆ ಹಚ್ಚಬೇಕು, ವರ್ಷಕ್ಕೊಮ್ಮೆ ಆಯುಧಪೂಜೆಗೆ ಬಿರಡೆ ತೆಗೆದು ಒಂದೊಂದು ಬಾಯಿಗೂ ಎರಡೆರಡು ಹನಿ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸಬೇಕು, ನಾಲ್ಕು ಬಾಯಿಗೂ ಒಂದೇ ಅಳತೆ ಎಂದು ಬರೆಯಿರಿ. ಹಾಗೆ ಬರೆದರೆ ನೋಡಿ, ಮನೆಯೇ ಮುಳುಗಿದರೂ ಅವಳ ಮೇಲೆ ಒಂದು ಹನಿ ನೀರು ಬೀಳದ ಹಾಗೆ ಕಾಯುತ್ತೇವೆ. ಅದು ನಮಗೆ ಚೆನ್ನಾಗಿ ಬರುತ್ತದೆ. ಏನನ್ನು ಕಾಯುತ್ತಿದ್ದೇವೆ ಎಂಬುದನ್ನು ಮಾತ್ರ ಯಾರಾದರೂ ಮೊದಲೇ ಹೇಳಿಡಬೇಕು.

ಬನಶ್ರೀ ಈಗಲೂ ಪಕ್ಕದಲ್ಲಿ ಕೂತು ತಕರಾರು ಮಾಡುತ್ತಿದ್ದಾಳೆ: "ಅವರು ಬಿರಡೆ ಹಾಕಿದ್ರೆ ಪಂಪು ಕೆಟ್ಟಿರ್ತಿರ್ಲಿಲ್ಲ, ಕೆಡದಿದ್ರೆ ನೀನು ಈ ಕಾಗದ ಬರೀತಿರ್ಲಿಲ್ಲ, ಲೆಕ್ಕ ಹತ್ತಂಗಿಲ್ಲ ಅಜ್ಜಿ." ಮೊದಲು ಕಾಗದ ಮುಟ್ಟಲಿ, ಲೆಕ್ಕ ಆಮೇಲೆ ಹತ್ತಿಸಿದರಾಯಿತು ಎಂದು ಬಾಯಿ ಮುಚ್ಚಿಸಿದ್ದೇನೆ.

ನಿನ್ನೆ ಪಂಪನ್ನು ಅದರ ಜಾಗಕ್ಕೆ ಕೂರಿಸಿದಳು. ಕಾರ್ಬೊರೇಟರುಗಳನ್ನು ಒರೆಸಿ, ಎಣ್ಣೆ ಹಚ್ಚಿ, ಬಾಯಿ ಕಟ್ಟಿ, ಏನೆಂದು ದಪ್ಪಕ್ಷರದಲ್ಲಿ ಬರೆದು ನಾನೇ ಗೂಡಿನಲ್ಲಿ ಇಟ್ಟೆ. ಮುಂದೆ ಬರುವವರು ಅದಕ್ಕೆ ಆರತಿ ಎತ್ತಿದರೆ ನನ್ನ ತಪ್ಪಿಲ್ಲ. ಸೇತುವೆಯ ದಾರಿ ಏರು. ಮೂರು ಬಾಯಿಯಲ್ಲಿ ಆ ಏರು ಹತ್ತುವುದು ಅನುಮಾನ ಎನ್ನುತ್ತಾಳೆ ಅವಳು. ಹಾಲೇಶಪ್ಪ ಮೊನ್ನೆ ಬಂದವನು ಬಾಗಿಲ ಹೊರಗೆ ನಿಂತು, "ಎಷ್ಟು ಬಾಯಲ್ಲಿ ಹೋಗಿ ಬರಬೇಕು ಅಂತ ಪುಸ್ತಕದಾಗ ಬರ್ದಿಲ್ಲ ಅಜ್ಜಿ" ಎಂದು ಮೆಲ್ಲಗೆ ಹೇಳಿ, ಮಂಡಕ್ಕಿಗೂ ನಿಲ್ಲದೆ ಹೋದ.

ಇನ್ನು ಒಂಬತ್ತು ದಿನ. ಆಯುಧಪೂಜೆಯ ಬೆಳಿಗ್ಗೆ ಅರಿಶಿನದ ಚೊಂಬನ್ನು ಒಳಗೇ ಇಟ್ಟು, ಎಣ್ಣೆಯ ಬಟ್ಟಲು ಹಿಡಿದು ಶೆಡ್ಡಿಗೆ ಹೋಗುತ್ತೇನೆ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಹಚ್ಚಿ ಕೂರುತ್ತೇನೆ, ಬನಶ್ರೀ ಎಂಜಿನ್ನು ಹತ್ತಿಸುತ್ತಾಳೆ. ನಾಲ್ಕೂ ಬಾಯಿ ಒಂದೇ ಸಮ ಉಸಿರಾಡಿದರೆ ಈ ಕಾಗದ ನಿಮ್ಮನ್ನು ಮುಟ್ಟಿತೆಂದು ತಿಳಿದು, ಅಲ್ಲಿಂದಲೇ ಕೈ ಮುಗಿಯುತ್ತೇನೆ. ಮೂರೇ ಕೇಳಿಸಿದರೆ ನಿಮ್ಮನ್ನು ಬೈಯುವುದಿಲ್ಲ, ಅಜ್ಜ. ಆ ಬಾಯಿಗೆ ಒಂದು ಹನಿ ಹೆಚ್ಚಿಗೆ ಹಾಕಿದ ಕೈ ನನ್ನದು. ಆ ಮೂರರ ಮೇಲೇ ಏರು ಹತ್ತಿಸುತ್ತೇವೆ, ನಿಂತಲ್ಲಿ ಇಳಿದು ಬೀದಿಯವರೆಲ್ಲ ಸೇರಿ ನೂಕುತ್ತೇವೆ. ನೂಕಬಾರದು ಎಂದೂ ಪುಸ್ತಕದಲ್ಲಿ ಬರೆದಿಲ್ಲವಂತೆ, ಕೇಳಿಸಿಕೊಂಡೆ.

ಬಿರಡೆ ಮರೆಯಬೇಡಿ. ವಿಶಾಲಾಕ್ಷಮ್ಮನವರಿಗೆ, ಅವರ ಮಾತೇ ಸರಿಯಿತ್ತೆಂದು ಒಂದು ಸಲವಾದರೂ ಬಾಯಿಬಿಟ್ಟು ಹೇಳಿ.

ಇಂತಿ ನಿಮ್ಮ ಮನೆಯ ಸೊಸೆ,
ಕಾಳಮ್ಮ